ರಾಜಕಥೆ, ಚೋರಕಥೆ ಮತ್ತು ನನ್ನ ಪೇಪರು

ಪುಸ್ತಕ ತೆರೆದ ಕೂಡಲೇ ಸೀನುವ ಪ್ರಾಧ್ಯಾಪಕ ನನ್ನ ಹೊರತು ಇನ್ನೊಬ್ಬನಿದ್ದರೆ ಅವನನ್ನು ಒಮ್ಮೆ ಕಂಡು ಕೈ ಕುಲುಕಬೇಕೆಂದು ನನಗೆ ಬಹಳ ದಿನದ ಆಸೆ. ಇದು ನೆಗಡಿಯಲ್ಲ, ಧೂಳಿನ ಅಲರ್ಜಿಯೂ ಅಲ್ಲ. ನನ್ನ ಮಾವನವರು ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು. ರೇಷ್ಮೆ ಸೀರೆ, ಉಣ್ಣೆಯ ಶಾಲು, ಹುಳು ತಿನ್ನುವಂಥದ್ದು ಏನೇ ಇರಲಿ, ಅದರ ಮಡಿಕೆಯಲ್ಲಿ ಒಂದು ಒಣ ತಂಬಾಕಿನ ಎಲೆ ಇಟ್ಟರೆ ತಲೆಮಾರುಗಟ್ಟಲೆ ಕೆಡುವುದಿಲ್ಲ ಎಂಬುದು ಆ ಮನೆಯ ನಂಬಿಕೆ. ಮದುವೆಯಾದ ಹೊಸದರಲ್ಲಿ ಅಳಿಯನ ಆಸ್ತಿ ನೋಡಲು ಬಂದ ಅವರಿಗೆ ಗೋಡೆ ತುಂಬ ಇಂಗ್ಲಿಷ್ ಪುಸ್ತಕ ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಾಪ, ಇದ್ದದ್ದನ್ನಾದರೂ ಕಾಪಾಡೋಣ ಎಂದು ಮುಂದಿನ ವಾರ ಒಂದು ಗಂಟು ಎಲೆ ಕಳಿಸಿದರು. ನನ್ನ ಹೆಂಡತಿ ಸುಮತಿ ಒಂದೂ ಬಿಡದಂತೆ ಎಲ್ಲ ಪುಸ್ತಕಗಳಲ್ಲೂ ಅವನ್ನು ಇಟ್ಟಳು. ಅಂದಿನಿಂದ ಯಾವ ದುರಂತ ನಾಟಕ ಓದಿದರೂ ನಾಯಕ ಪ್ರಾಣ ಬಿಡುವ ಹೊತ್ತಿಗೆ ನಾನು ಸೀನುತ್ತೇನೆ. ಒಳಗಿನಿಂದ ಸುಮತಿ ಕೇಳುತ್ತಾಳೆ, “ಯಾರ್ ಸತ್ರು?”

ಈ ಆಷಾಢದ ಒಂದು ಬೆಳಿಗ್ಗೆ ಪಾಠಕ್ಕೆಂದು ಪುಸ್ತಕ ಕೆಳಗಿಳಿಸುವಾಗಲೂ ಸೀನಿದೆ. ಅವಳು ಎಂದಿನಂತೆ ಕೇಳಿದಳು. “ಇನ್ನೂ ಯಾರೂ ಸತ್ತಿಲ್ಲ. ಶ್ರಾವಣ ಮುಗಿಯೂತನಕಾ ನೋಡೂಣು” ಎಂದೆ. ನನ್ನ ದನಿಯಲ್ಲಿ ಏನೋ ಇದ್ದಿರಬೇಕು. ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನನ್ನ ಮುಖ ನೋಡಿ ಹೋದಳು.

ವಿಷಯ ಇಷ್ಟೇ. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಓದುವವರಿಗೆ ಒಂದು ಐಚ್ಛಿಕ ಪತ್ರಿಕೆ ಕಲಿಸುತ್ತೇನೆ. ಹುಡುಗರು ಅದನ್ನು ‘ಪೇಪರು’ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಐಚ್ಛಿಕ ಎಂದರೆ ಬೇಕಾದವರು ತೆಗೆದುಕೊಳ್ಳಬಹುದು, ಬೇಡವಾದವರು ಬಿಡಬಹುದು. ಎಲ್ಲರಿಗೂ ಕಡ್ಡಾಯವಾದ ನಾಟಕ, ವಿಮರ್ಶೆಯ ತರಗತಿಗಳಿಗೂ ಹೋಗುತ್ತೇನೆ, ಆದರೆ ನನ್ನದು ಎನ್ನುವುದು ಈ ಪೇಪರು. ಯುರೋಪಿನ ಪುನರುಜ್ಜೀವನ ಕಾಲದ ಸಾಹಿತ್ಯ ನನ್ನ ವಿಷಯ. ಅದರಲ್ಲೂ ಸುಮಾರು ನಾನೂರು ವರ್ಷಗಳ ಹಿಂದೆ ಲಂಡನ್ನಿನ ಜನ ತೆರೆದ ಅಂಗಳದಲ್ಲಿ ನಿಂತು ನೋಡುತ್ತಿದ್ದ ನಾಟಕಗಳು. ನಾನು ಲಂಡನ್ ನೋಡಿದವನಲ್ಲ. ಪುಣೆಯ ಆಚೆ ಹೋದದ್ದೂ ಕಡಿಮೆ. ಆದರೆ ಆ ನಾಟಕಗಳೊಳಗಿನ ಯಾವ ರಾಜನ ಮಲಗುವ ಕೋಣೆಗೆ ಯಾವ ಕಡೆಯಿಂದ ಕೊಲೆಗಾರ ಬರುತ್ತಾನೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ತೊಂದರೆಯೆಂದರೆ ಯಾರೂ ಕೇಳುವುದಿಲ್ಲ.

ಬರುವ ಬೇಸಿಗೆಗೆ ನನ್ನ ನಿವೃತ್ತಿ. ಕಾಲೇಜು ಶುರುವಾದ ವಾರದಲ್ಲೇ ಪ್ರಾಚಾರ್ಯರು ಕರೆದು ಕೂಡಿಸಿದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮೊದಲು ಚಹಾ ತರಿಸುತ್ತಾರೆ. ಅಂದು ಚಹಾದ ಜೊತೆ ಬಿಸ್ಕಿಟೂ ಬಂತು.

“ಚೌಗುಲೆ ಸರ್, ಎರಡ ವರ್ಷ ಆತು, ನಿಮ್ಮ ಪೇಪರಿಗೆ ಯಾರೂ ಬಂದಿಲ್ಲ. ಈ ಸಲಾನೂ ಬರಲಿಲ್ಲಂದ್ರ ಸಿಲೆಬಸ್‌ನ್ಯಾಗಿಂದ ತೆಗೀತಾರ. ಅದರ ಜಾಗಾಕ್ಕ ಕಮ್ಯುನಿಕೇಶನ್ ಸ್ಕಿಲ್ಸ್ ಹಾಕತಾರ.”

“ಎಷ್ಟ ಮಂದಿ ಬೇಕ್ರಿ?”

“ಒಬ್ಬರು ಹೆಸರು ಕೊಟ್ರೂ ಸಾಕ್ರಿ. ಪೇಪರು ಉಳೀತೈತಿ. ನಿಮ್ಮ ಹಿಂದ ಯಾರನ್ನಾದ್ರೂ ತಗೋಬಹುದು. ಆದ್ರ ಒಬ್ಬರು ಬೇಕಲ್ರಿ ಸರ್.”

ಒಬ್ಬರು. ನಾನು ಓದಿದ್ದು, ಬರೆದದ್ದು, ಬಸ್ಸಿನಲ್ಲಿ ತೂಕಡಿಸುತ್ತ ಬಾಯಿಪಾಠ ಮಾಡಿದ್ದು ಎಲ್ಲ ಬಂದು ನಿಂತದ್ದು ಅಲ್ಲಿಗೆ. ಶ್ರಾವಣ ಮುಗಿಯುವುದರೊಳಗೆ ಯಾರಾದರೂ ಒಬ್ಬರು ಹೆಸರು ಕೊಡಬೇಕು. ಆ ಬಿಸ್ಕಿಟನ್ನು ನಾನು ತಿನ್ನಲಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಹೇಗೆಂದು ನೀವು ಕೇಳಬಹುದು. ನನ್ನಪ್ಪನೂ ಸಾಯುವ ತನಕ ಅದನ್ನೇ ಕೇಳುತ್ತಿದ್ದ. ನಮ್ಮದು ಸದಲಗಾ. ಕಬ್ಬಿನ ಹೊಲ, ಹಿತ್ತಲಲ್ಲಿ ಎಮ್ಮೆ, ಓಣಿಯ ತುದಿಗೆ ಬಸದಿ, ಬೆಳಗಾದರೆ ಕೊಲ್ಹಾಪುರದ ಕಡೆ ಹೊರಡುವ ಹಾಲಿನ ಕ್ಯಾನುಗಳ ಸದ್ದು. ಇಂಗ್ಲಿಷನ್ನು ನಾನು ಮೊದಲು ಓದಿದ್ದು ಗೊಬ್ಬರದ ಚೀಲದ ಮೇಲೆ. ಕೊಕ್ಕೆ ಬಳಸಬೇಡಿ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಅರ್ಥ ಗೊತ್ತಿಲ್ಲದೆ ಅದನ್ನು ಮಂತ್ರದಂತೆ ಹೇಳುತ್ತ ಕಬ್ಬಿನ ಸಾಲಿನಲ್ಲಿ ಓಡುತ್ತಿದ್ದೆ. ನಮ್ಮ ಅಜ್ಜಿಗೆ ಅದು ಯಾವುದೋ ಸ್ತೋತ್ರವೆನಿಸಿ, ಬಂದವರ ಮುಂದೆಲ್ಲ ನನ್ನಿಂದ ಹೇಳಿಸಿ ಕೈಗೆ ಬೆಲ್ಲ ಕೊಡುತ್ತಿದ್ದಳು. ವಿದ್ವತ್ತಿಗೆ ನನಗೆ ಸಂದ ಗೌರವಗಳಲ್ಲಿ ಇಂದಿಗೂ ಅದೇ ದೊಡ್ಡದು.

ಬಿ.ಎ.ಗೆ ನಿಪ್ಪಾಣಿಗೆ ಬಂದೆ. ಅಲ್ಲಿ ದೇಶಪಾಂಡೆ ಸರ್ ಸಿಕ್ಕರು. ಅವರು ಪಾಠ ಮಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಬಿಡಿಸಿ ಹೇಳುತ್ತಿದ್ದದ್ದು ಮರಾಠಿಯಲ್ಲಿ, ಬೈಯುತ್ತಿದ್ದದ್ದು ಮಾತ್ರ ಕನ್ನಡದಲ್ಲಿ. ಬೈಯುವುದಕ್ಕೆ ಕನ್ನಡದಷ್ಟು ತೃಪ್ತಿ ಬೇರೆ ಭಾಷೆಯಲ್ಲಿಲ್ಲ ಎನ್ನುತ್ತಿದ್ದರು. ಅವರೂ ಲಂಡನ್ ಕಂಡವರಲ್ಲ. ಅಲ್ಲಿಯ ಹಳೆಯ ನಾಟಕಶಾಲೆ ಹೇಗಿತ್ತೆಂದು ತೋರಿಸಲು ಒಂದು ಮಧ್ಯಾಹ್ನ ನಮ್ಮನ್ನೆಲ್ಲ ತಮ್ಮ ಗೆಳೆಯರೊಬ್ಬರ ತಂಬಾಕು ಕೂಡಿಡುವ ವಖಾರಕ್ಕೆ ಕರೆದೊಯ್ದರು. ನಡುವೆ ತೆರೆದ ಅಂಗಳ, ಸುತ್ತ ಮರದ ಅಟ್ಟ, ಒಂದು ಬದಿಗೆ ಚೀಲ ಒಟ್ಟುವ ಎತ್ತರದ ಕಟ್ಟೆ.

“ಹಾ, ಇದ ನೋಡ್ರಿ ಸ್ಟೇಜು. ರಾಜಾ ಇಲ್ಲಿ ಸಾಯತಾನ. ಮಂದಿ ಇಲ್ಲಿ ನಿಂದರತಾರ. ಶ್ರೀಮಂತರು ಮ್ಯಾಲ ಕೂಡತಾರ. ಲೇ ಚೌಗುಲೆ, ನೀ ಆ ಚೀಲದ ಮ್ಯಾಲ ಬೀಳು, ನೀ ಸತ್ತಿ!” ಎಂದರು.

ನಾನು ಬಿದ್ದೆ. ಬಿದ್ದ ಪೆಟ್ಟಿಗೆ ತಂಬಾಕಿನ ಪುಡಿ ಎದ್ದು ಇಡೀ ರಾಜಸಭೆ ಸೀನಿತು. ಎಲೆ ವಿಂಗಡಿಸುತ್ತ ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಆ ಚೀಲದ ಮೇಲೆ ಅಂಗಾತ ಬಿದ್ದು ಮೇಲಿನ ಆಕಾಶದ ತುಂಡನ್ನು ನೋಡುತ್ತಿದ್ದಾಗ ನನಗೆ ನಿಜವಾಗಿಯೂ ಒಬ್ಬ ರಾಜ ಸತ್ತನೆಂದು ದುಃಖವಾಯಿತು. ನಂಬುತ್ತೀರೋ ಇಲ್ಲವೋ, ಕಣ್ಣಲ್ಲಿ ನೀರು ಬಂತು. ತಂಬಾಕಿನಿಂದ ಎಂದು ಗೆಳೆಯರು ತಿಳಿದರು. ಮುಂದೆ ಚಿಕ್ಕೋಡಿಯಲ್ಲಿ ಈ ಪೇಪರು ಬರಬೇಕೆಂದು ಅರ್ಜಿ ಹಿಡಿದು ಓಡಾಡಿದವರೂ ದೇಶಪಾಂಡೆ ಸರ್‌ ಅವರೇ. ಅದು ಮಂಜೂರಾದ ವರ್ಷ ನನ್ನ ಬೆನ್ನು ತಟ್ಟಿ, “ಇದನ್ನ ನೋಡಿಕೋ” ಎಂದರು. ಮಗುವನ್ನು ಒಪ್ಪಿಸುವವರ ದನಿಯಲ್ಲಿ ಹೇಳಿದರು. ಈಗ ಅವರಿಲ್ಲ.

ನನ್ನ ಪಿಎಚ್.ಡಿ.ಯ ವಿಷಯ ಕೇಳಿದರೆ ನೀವು ನಗುತ್ತೀರಿ. ಆ ಕಾಲದ ಸೇಡಿನ ನಾಟಕಗಳಲ್ಲಿ ಬರುವ ದೂತರು. ಓಡಿ ಬಂದು, ದಮ್ಮು ಹಿಡಿದುಕೊಂಡು, ಇಂಥವರು ಸತ್ತರು ಎಂದು ಹೇಳಿ ಹೋಗುವವರು. ಅವರಿಗೆ ಹೆಸರೂ ಇರುವುದಿಲ್ಲ. ಇದರ ಮೇಲೆ ನಾನು ಯೌವನದ ಒಳ್ಳೊಳ್ಳೆಯ ವರ್ಷಗಳನ್ನು ಕಳೆದೆ. ಹೆಣ್ಣು ನೋಡಲು ಹೋದಲ್ಲಿ ಮಾವನವರು, “ಏನ್ ಸಂಶೋಧನಾ ಮಾಡಾಕತ್ತೀರಿ?” ಎಂದು ಕೇಳಿದರು. ನಾನು ಹೇಳಿದೆ. ಅವರು, “ಸುದ್ದಿ ಹೇಳಿದ ಮ್ಯಾಲ ಆ ಮನಶ್ಯಾ ಎಲ್ಲಿ ಹೋಗತಾನ್ರಿ?” ಎಂದರು. ನಾಟಕದಲ್ಲಿ ಹೇಳಿಲ್ಲ ಎಂದೆ. “ಪಾಪ” ಎಂದರು. ಹೆಣ್ಣು ಕೊಟ್ಟರು.

ಮೊದಲು ಅಥಣಿಯಲ್ಲಿ ಅರೆಕಾಲಿಕ, ಆಮೇಲೆ ರಾಯಬಾಗ, ಕೊನೆಗೆ ಚಿಕ್ಕೋಡಿ. ಅಥಣಿಯಲ್ಲಿದ್ದಾಗ ನಾನೂ ಒಮ್ಮೆ ದೇಶಪಾಂಡೆ ಸರ್ ಹಾಗೆ ಹುಡುಗರನ್ನು ಹಳೆಯ ವಾಡೆಯೊಂದಕ್ಕೆ ಕರೆದೊಯ್ದು ನಾಟಕಶಾಲೆ ತೋರಿಸಲು ಹೋಗಿದ್ದೆ. ಆ ಮನೆಯವರು ಆಸ್ತಿಯ ತಂಟೆಯಲ್ಲಿದ್ದರಂತೆ. ನಾವು ಅಂಗಳ ಅಳೆಯುವುದನ್ನು ಕಂಡು ತಮ್ಮಂದಿರ ಕಡೆಯವರೆಂದು ತಿಳಿದು ಅಟ್ಟಿಸಿಕೊಂಡು ಬಂದರು. ಓಡುವುದರಲ್ಲಿ ನಾನೇ ಮುಂದಿದ್ದೆ. ಅಲ್ಲಿಂದ ಮುಂದೆ ನಾಟಕಶಾಲೆಯನ್ನು ಹಲಗೆಯ ಮೇಲೆ ಸೀಮೆಸುಣ್ಣದ ಕಡ್ಡಿಯಿಂದಲೇ ಬರೆದು ತೋರಿಸಿದ್ದೇನೆ.

ಊರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಎಂದರೆ ಉಪಯೋಗದ ಮನುಷ್ಯ. ಔಷಧದ ಬಾಟಲಿಯ ಜೊತೆಗಿನ ಚೀಟಿ ಓದಿಸಿಕೊಳ್ಳಲು ಬರುತ್ತಾರೆ. ಚಿಕ್ಕೋಡಿ ಕೋರ್ಟಿನಿಂದ ಕೈಯಲ್ಲಿ ನೋಟಿಸು ಹಿಡಿದುಕೊಂಡು ನೇರ ನಮ್ಮ ಮನೆಗೆ ಬರುತ್ತಾರೆ. ಹೊಸ ಫ್ರಿಜ್ಜಿನ ಗ್ಯಾರಂಟಿ, ಪಂಪ್‌ಸೆಟ್ಟಿನ ಕೈಪಿಡಿ, ಮದುವೆಯ ಬ್ಯಾನರಿನ ಒಕ್ಕಣೆ, ಎಲ್ಲ ನನ್ನ ಕೈಯಿಂದಲೇ ದಾಟಿವೆ. ಒಮ್ಮೆ ಒಬ್ಬರು ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿ ತಂದು, “ಇದರಾಗ ಏನ್ ಬರದಾರ ಓದ್ರಿ, ನೀವು ಹಳೇ ಇಂಗ್ಲಿಷ್ ಓದಿದವರು” ಎಂದರು. ಹಳೆಯ ಇಂಗ್ಲಿಷಿಗೂ ಬೂಜಿನ ಔಷಧಕ್ಕೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಓದಿ ಹೇಳಿದೆ. ಬೆಳೆ ಚೆನ್ನಾಗಿ ಬಂತಂತೆ. ಎರಡು ಬುಟ್ಟಿ ದ್ರಾಕ್ಷಿ ಕಳಿಸಿದರು. ನನ್ನ ಪ್ರಬಂಧ ಓದಿ ಯಾರೂ ಒಂದು ಗೊಂಚಲನ್ನೂ ಕಳಿಸಿಲ್ಲ.

ಇದನ್ನೆಲ್ಲ ನಗುತ್ತ ಹೇಳುತ್ತಿದ್ದೇನೆ, ಆದರೆ ನಗು ಮೇಲಿನದು. ನಿಜ ಹೇಳುತ್ತೇನೆ, ಕೆಲವು ವರ್ಷಗಳಿಂದ ನನಗೆ ತರಗತಿಯ ಬಾಗಿಲು ದಾಟುವುದೇ ಕಷ್ಟವಾಗಿತ್ತು. ಕೂತವರ ತಪ್ಪಲ್ಲ. ಅವರಿಗೆ ಬಿ.ಎಡ್. ಮಾಡಬೇಕು, ಪರೀಕ್ಷೆ ಬರೆಯಬೇಕು, ಎಲ್ಲೋ ಒಂದು ಕಡೆ ಕೆಲಸಕ್ಕೆ ಹತ್ತಬೇಕು. ಸತ್ತ ರಾಜರನ್ನು ಕಟ್ಟಿಕೊಂಡು ಅವರೇನು ಮಾಡಲಿ? ಅದು ಗೊತ್ತಿದ್ದೂ ನಾನು ದಿನಾ ಹೋಗಿ ಅವರ ಮುಂದೆ ರಾಜರನ್ನು ಕೊಲ್ಲುತ್ತಿದ್ದೆ. ಅವರು ಸೌಜನ್ಯದಿಂದ ನೋಡುತ್ತಿದ್ದರು. ಆ ಸೌಜನ್ಯ ಸಹಿಸಲು ಆಗುತ್ತಿರಲಿಲ್ಲ. ಬೈದಿದ್ದರೆ, ಎದ್ದು ಹೋಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ನಾನು ಬದುಕಿಡೀ ಕೈಯಲ್ಲಿ ಹಿಡಿದುಕೊಂಡು ನಿಂತದ್ದು ಯಾರಿಗೂ ಬೇಡವಾದ ವಸ್ತು ಎಂಬ ವಿಚಾರ ಊಟ ಮಾಡುವಾಗ, ಬಸ್ಸಿಗೆ ಕಾಯುವಾಗ, ಸುಮ್ಮಸುಮ್ಮನೆ ಬಂದು ಹೋಗುತ್ತಿತ್ತು.

ಇಂಥದರಲ್ಲಿ ತ್ರಿಶಲಾ ಬಂದಳು. ಕಾಗವಾಡದ ದ್ರಾಕ್ಷಿ ಬೆಳೆಯುವ ಮನೆಯ ಹುಡುಗಿ, ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದಳು. ಹೋದ ವರ್ಷ ಒಂದು ದಿನ ಕಡ್ಡಾಯ ನಾಟಕದ ತರಗತಿ ಮುಗಿದ ಮೇಲೆ ಎಲ್ಲರೂ ಹೋದರೂ ಅವಳೊಬ್ಬಳು ಬಾಗಿಲ ಹತ್ತಿರ ನಿಂತಿದ್ದಳು. ಹಾಜರಿಯ ತೊಂದರೆ ಇರಬೇಕೆಂದು ಕೇಳಿದೆ.

“ಅಲ್ರಿ ಸರ್. ಆ ರಾಣಿ ಒಮ್ಮೆನೂ ಯಾಕ ಅಳೂದಿಲ್ರಿ?” ಎಂದಳು.

ನಾನು ಕೈಯಲ್ಲಿದ್ದ ಡಸ್ಟರನ್ನು ಮೇಜಿನ ಮೇಲೆ ಇಟ್ಟೆ. ಪರೀಕ್ಷೆಗೆ ಬರುವಂಥ ಪ್ರಶ್ನೆಯಲ್ಲ ಅದು. ಅವಳಿಗೆ ಆ ರಾಣಿಯ ಚಿಂತೆ ಹತ್ತಿತ್ತು, ಅಷ್ಟೇ. ಅಂದಿನಿಂದ ಅವಳು ನನ್ನ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಒಯ್ದಳು, ಸೀನುತ್ತ ಓದಿ ತಂದುಕೊಟ್ಟಳು. ಈ ಆಷಾಢದಲ್ಲಿ ನಾನು ಪೇಪರಿನ ಮಾತೆತ್ತಿದಾಗ, “ಹೆಸರು ಕೊಡತೀನ್ರಿ ಸರ್, ನೀವು ಕೇಳಬೇಕೇನ್ರಿ?” ಎಂದಳು. ಆ ಸಂಜೆ ನಾನು ಮನೆಗೆ ಹೋಗುವಾಗ ಕಾರಣವಿಲ್ಲದೆ ಪೇಡೆ ಒಯ್ದೆ. ಆ ದಿನವೇ ಅವಳಿಗೆ ನನ್ನ ಅತ್ಯಂತ ಪ್ರೀತಿಯ ನಾಟಕವನ್ನೂ ಕೊಟ್ಟಿದ್ದೆ. ಹೆಚ್ಚಿನವರು ಹೆಸರೇ ಕೇಳದ ನಾಟಕ. ತನ್ನ ತಮ್ಮನನ್ನು ಕೊಂದವರ ಮನೆಗೇ ಸೊಸೆಯಾಗಿ ಹೋಗಬೇಕಾದ ಒಬ್ಬಳ ಕಥೆ. ನಾಲ್ಕನೆಯ ಅಂಕದ ಕೊನೆಗೆ ಅವಳು ವಿಷದ ಬಟ್ಟಲು ಹಿಡಿದು ಮುದುಕ ಮಾವನ ಹಾಸಿಗೆಯ ಬಳಿ ನಿಲ್ಲುತ್ತಾಳೆ. ಕೊಡುತ್ತಾಳೋ ಇಲ್ಲವೋ ಗೊತ್ತಾಗಬೇಕಾದರೆ ಐದನೆಯ ಅಂಕ ಓದಬೇಕು.

ಈಗ ನಮ್ಮ ಜನರ ಒಂದು ರೂಢಿ ಹೇಳದೆ ಮುಂದೆ ಹೋಗಲಾಗದು. ನಾವು ಜೈನರು. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ, ನಾವು ಮಹಾರಾಜರು ಎಂದು ಕರೆಯುವ ಮುನಿಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಪ್ರವಚನ ಮುಗಿದ ಮೇಲೆ ಕೂತವರೆಲ್ಲ ದೀಪಾವಳಿಯ ತನಕ ಏನಾದರೊಂದನ್ನು ಬಿಡುತ್ತೇನೆಂದು ನೇಮ ತೆಗೆದುಕೊಳ್ಳಬೇಕು. ಈ ವಿಷಯದಲ್ಲಿ ನಮ್ಮ ಜಾಣತನ ನೋಡಬೇಕು. ಸಕ್ಕರೆ ಕಾಯಿಲೆಯ ನಮ್ಮ ದೊಡ್ಡಪ್ಪ ಪ್ರತಿ ವರ್ಷ ಎದ್ದು ನಿಂತು ಜಿಲೇಬಿ ಬಿಡುತ್ತಿದ್ದ. ಹಲ್ಲಿಲ್ಲದ ಸೋದರತ್ತೆ ಚಕ್ಕುಲಿ ಬಿಟ್ಟಳು. ನಾನು ಚಿಕ್ಕವನಿದ್ದಾಗ ಬಲು ಗಂಭೀರವಾಗಿ ಹಾಗಲಕಾಯಿ ಬಿಟ್ಟೆ, ಈಗಲೂ ಅದನ್ನೇ ಬಿಡುತ್ತಾ ಬಂದಿದ್ದೇನೆ. ಈ ವರ್ಷ ಸುಮತಿ ನನ್ನನ್ನು ಸದಲಗಾದ ಪ್ರವಚನಕ್ಕೆ ಎಳೆದುಕೊಂಡು ಹೋಗಿದ್ದಳು. ಅಂದಿನ ವಿಷಯ ವಿಕಥೆ, ಎಂದರೆ ಆತ್ಮಕ್ಕೆ ಉಪಯೋಗವಿಲ್ಲದ ಕಥೆ. ಅವು ನಾಲ್ಕು ಬಗೆ: ಸ್ತ್ರೀಕಥೆ, ಭೋಜನಕಥೆ, ರಾಜಕಥೆ, ಚೋರಕಥೆ. ಹೆಂಗಸರ ಸುದ್ದಿ, ಊಟದ ಸುದ್ದಿ, ಅರಸರ ಸುದ್ದಿ, ಕಳ್ಳರ ಸುದ್ದಿ. ನಮ್ಮಂಥ ಸಂಸಾರಸ್ಥ ಶ್ರಾವಕರು ಇವುಗಳಿಂದ ದೂರವಿರಬೇಕು ಎಂದರು ಮಹಾರಾಜರು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಈ ನಾಲ್ಕನ್ನು ತೆಗೆದರೆ ನನ್ನ ವಿಷಯದಲ್ಲಿ ಮುನ್ನುಡಿ ಮಾತ್ರ ಉಳಿಯುತ್ತದೆ.

ಇಂಥ ತಮಾಷೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಮೇಷ್ಟ್ರುಗಳಿಗೆ ಇಲ್ಲ. ಮರುದಿನವೇ ವಿಮರ್ಶೆಯ ತರಗತಿಯಲ್ಲಿ ಹೇಳಿದೆ. ದೊಡ್ಡಪ್ಪನ ಜಿಲೇಬಿ, ನನ್ನ ಹಾಗಲಕಾಯಿ ಎಲ್ಲ ಬಂತು. ಹುಡುಗರು ಮೇಜು ಬಡಿದು ನಕ್ಕರು. ಬಹಳ ದಿನಗಳ ಮೇಲೆ ತರಗತಿ ನಗುತ್ತಿತ್ತಲ್ಲ, ನನಗೂ ಉಮೇದು ಬಂತು. ನಾಟಕದ ನಾಯಕರಿಗೆ ತಂದು ಜೋಡಿಸಿದೆ.

“ಬ್ಯಾಡಾಗಿದ್ದನ್ನ ಬಿಟ್ರ ಅದು ತ್ಯಾಗ ಅಲ್ರೀಪಾ, ಕಸಾ ಹೊಡದಂಗ. ಬಿಡೂದಾದ್ರ ಜೀವಾ ಇಟ್ಟದ್ದನ್ನ ಬಿಡಬೇಕು. ಅಂಥವರು ನಾಟಕದಾಗಷ್ಟ ಸಿಗತಾರ, ನಮ್ಮ ಚಿಕ್ಕೋಡಿ ತಾಲೂಕಿನ್ಯಾಗ ಸಿಗೂದಿಲ್ಲ!”

ಮತ್ತೆ ನಗು. ಮುಂದಿನ ಬೆಂಚಿನಲ್ಲಿ ತ್ರಿಶಲಾ ಮಾತ್ರ ನಗದೆ ನನ್ನನ್ನೇ ನೋಡುತ್ತ ಕೂತಿದ್ದಳು. ಪಾಠ ಮನಸ್ಸಿಗೆ ಇಳಿಯುತ್ತಿದೆ ಎಂದು ಸಂತೋಷಪಟ್ಟೆ.

ಆ ವಾರ ಅವಳು ಊರಿಗೆ ಹೋದಳು. ಹಬ್ಬವಿತ್ತು, ನಾಲ್ಕು ದಿನ ಬಿಟ್ಟು ಬರುತ್ತಾಳೆಂದುಕೊಂಡೆ. ಬರಲಿಲ್ಲ. ಹೆಸರು ಕೊಡುವ ಕೊನೆಯ ದಿನ ಬಂತು. ಹಾಸ್ಟೆಲಿನ ಹುಡುಗಿಯರನ್ನು ಕೇಳಿದರೆ ಕಾಗವಾಡದಲ್ಲೇ ಇದ್ದಾಳೆ, ಚೆನ್ನಾಗಿದ್ದಾಳೆ ಎಂದರು. ಫೋನು ಹತ್ತಲಿಲ್ಲ. ಐದು ಗಂಟೆಯೊಳಗೆ ಹೆಸರು ತಿಳಿಸಿದರೆ ಸಾಕು ಎಂದು ಪ್ರಾಚಾರ್ಯರು ಹೇಳಿದರು. ಚೀಲಕ್ಕೆ ಅರ್ಜಿಯ ಹಾಳೆ ಹಾಕಿಕೊಂಡು ಬಸ್ಸು ಹತ್ತಿದೆ. ಒಂದು ಸಹಿಗಾಗಿ ಇಷ್ಟು ದೂರ ಹೋಗುವ ಪ್ರಾಧ್ಯಾಪಕನನ್ನು ಕಂಡು ನನಗೇ ನಗು ಬಂತು. ಕೃಷ್ಣೆಯ ಸೇತುವೆ ದಾಟುವಾಗ ಹೊಳೆ ಕೆಂಪಗೆ ದಂಡೆ ತುಂಬಿ ಹರಿಯುತ್ತಿತ್ತು. ಯಾಕೋ ನಗು ನಿಂತು ಭಯವಾಯಿತು. ಅವಳಿಗೆ ಮನಸ್ಸು ಬದಲಾಗಿರಬಹುದೆ? ಕಮ್ಯುನಿಕೇಶನ್ ಸ್ಕಿಲ್ಸ್ ಒಳ್ಳೆಯದೆಂದು ಯಾರಾದರೂ ಹೇಳಿರಬಹುದೆ? ಹೇಳಿದ್ದರೆ ಅವರು ಹೇಳಿದ್ದು ಸರಿಯೇ ಎಂಬುದು ಇನ್ನೂ ದೊಡ್ಡ ಸಂಕಟ.

ಊರ ಹೊರಗೆ ದ್ರಾಕ್ಷಿಯ ಚಪ್ಪರಗಳ ನಡುವೆ ಅವರ ಮನೆ. ತ್ರಿಶಲಾಳ ಅಜ್ಜಿ ಪಡಸಾಲೆಯಲ್ಲಿ ಕೂತಿದ್ದರು. ಪರಿಚಯ ಹೇಳಿಕೊಂಡೆ.

“ಅಯ್ಯ, ಬರ್ರಿ ಬರ್ರಿ! ನಮ್ಮ ತ್ರಿಶಲಾನ ಸರ್ ಅಲ್ರಿ ನೀವು? ದಿನಾ ನಿಮ್ಮದ ಮಾತು ಹೇಳತಾಳ. ಕೂಡ್ರಿ. ನಮ್ಮ ಹುಡುಗಿ ಸುದ್ದಿ ಕೇಳೀರೇನ್ರಿ?”

ಇಲ್ಲವೆಂದೆ.

“ಮಹಾರಾಜರು ಬಂದಾರಲ್ರಿ ಊರಾಗ. ಮಂದಿ ಎಲ್ಲಾ ನೇಮಾ ತಗೊಂಡ್ರು. ಒಬ್ರು ಸಿಹಿ ಬಿಟ್ರು, ಒಬ್ರು ಟೀವಿ ಬಿಟ್ರು. ನಮ್ಮಾಕಿ ಎದ್ದು ನಿಂತು, ದೀಪಾವಳಿ ತನಕಾ ಕಥಿ-ನಾಟಕ ಓದೂದಿಲ್ಲ, ಕೇಳೂದಿಲ್ಲ ಅಂದಳ್ರಿ. ಮಹಾರಾಜರು ಏನಂದ್ರು ಗೊತ್ತೈತೇನ್ರಿ? ಈ ಮಂಟಪದಾಗ ಬಿಡೂದಂದ್ರ ಏನಂತ ತಿಳದಾಕಿ ಇಕಿ ಒಬ್ಬಾಕಿ, ಅಂದ್ರು. ನಾ ಅಲ್ಲೇ ಅತ್ತಬಿಟ್ಟೆ.”

ಹೇಳುತ್ತ ಅವರು ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕೈ ಚೀಲದ ಮೇಲಿತ್ತು, ಅಲ್ಲೇ ಉಳಿಯಿತು. ಏನನ್ನಿಸಿತು ಎಂದು ಸರಿಯಾಗಿ ಹೇಳಲು ಬರುವುದಿಲ್ಲ. ಸಂಕಟವಾಯಿತು, ಅದು ನಿಜ. ಅದರ ಜೊತೆಗೇ, ಈ ಮುದುಕನ ತರ್ಕಹೀನತೆಯನ್ನು ಕ್ಷಮಿಸಿ, ಒಂದು ಹೆಮ್ಮೆಯೂ ಬಂತು. ನನ್ನ ಮಾತನ್ನು ನಿಜವೆಂದು ನಂಬಿದ ಮೊದಲ ವಿದ್ಯಾರ್ಥಿನಿ ಸಿಕ್ಕಿದ್ದಳು. ಅದರಿಂದಲೇ ನನ್ನ ಪೇಪರು ಹೋಗಲಿತ್ತು.

ತ್ರಿಶಲಾ ಚಹಾ ತಂದಳು, ಒಂದು ತಾಟಿನಲ್ಲಿ ಒಣದ್ರಾಕ್ಷಿ. ನನ್ನ ಕಣ್ಣು ತಪ್ಪಿಸುತ್ತಿದ್ದಳು.

“ನಾನ ಬಂದು ಹೇಳಬೇಕಾಗಿತ್ರಿ ಸರ್. ಧೈರ್ಯಾ ಆಗಲಿಲ್ಲ. ನಿಮ್ಮ ಪೇಪರಿನ ಪಾಠಾ ದೀಪಾವಳಿಯೊಳಗ ಮುಗೀತೈತಿ, ಕ್ಲಾಸಿನ್ಯಾಗ ಕೂತರ ಕೇಳಬೇಕಾಗತೈತಿ. ಭಾಷಾಶಾಸ್ತ್ರ, ವಿಮರ್ಶಾ ಎಲ್ಲಾ ಓದತೀನ್ರಿ. ಅದರಾಗ ಕಥಿ ಇರೂದಿಲ್ಲ.”

“ಅಲ್ಲವಾ, ಬ್ಯಾರೆ ಏನಾದ್ರೂ ಬಿಡಬಹುದಿತ್ತಲ್ಲ?”

ಅವಳು ತಾಟನ್ನು ಕೆಳಗಿಟ್ಟಳು. “ನನಗ ಸಿಹಿ ಸೇರೂದಿಲ್ರಿ. ಟೀವಿ ನೋಡೂದಿಲ್ಲ. ಮೊಬೈಲಿನ ಖಬರ ನನಗ ಇರೂದಿಲ್ಲ. ಬಿಡಾಕಂತ ನನ್ನ ಕಡೆ ಇದ್ದದ್ದು ಅದೊಂದ ರೀ ಸರ್.”

ಅಜ್ಜಿಗೆ ನನ್ನ ಮುಖದಲ್ಲಿ ಏನೋ ಕಂಡಿರಬೇಕು. ಚೀಲವನ್ನೂ ನೋಡಿದರು. “ಏನೋ ಕೆಲಸಾ ಇಟಗೊಂಡ ಬಂದೀರಿ ಅನಸತೈತಿ. ಇಕಿ ನೇಮದಿಂದ ನಿಮಗೇನಾದ್ರೂ ತೊಂದ್ರಿ ಆತೇನ್ರಿ? ಹೇಳ್ರಿ. ಮಹಾರಾಜರನ್ನ ಕೇಳೂಣು, ಪ್ರಾಯಶ್ಚಿತ್ತ ಏನಿದ್ರೂ ಕೊಡತಾರ. ಗುರುಗಳಿಗಿಂತ ಹೆಚ್ಚಿಂದೇನೈತಿ?”

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವರು ನನಗಾಗಿ ಮಹಾರಾಜರ ಬಳಿ ಹೋಗುತ್ತಿದ್ದರು, ಹುಡುಗಿ ತಲೆ ಬಗ್ಗಿಸಿ ಸಹಿ ಮಾಡುತ್ತಿದ್ದಳು, ಪೇಪರು ಉಳಿಯುತ್ತಿತ್ತು. ನಾನು ತ್ರಿಶಲಾಳ ಕಡೆ ನೋಡಿದೆ. ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ಹೇಳಲೋ ಬೇಡವೋ ಎಂದು ನಾನು ಬಹಳ ಹೊತ್ತು ಒದ್ದಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ದೇಶಪಾಂಡೆ ಸರ್ ಕಣ್ಮುಂದೆ ಬಂದರು.

“ಏನೂ ಇಲ್ರಿ,” ಎಂದೆ. “ಹಿಂಗ ಈ ಕಡೆ ಬಂದಿದ್ದೆ.”

ಹೇಳಿ ಮುಗಿಸುವುದರೊಳಗೆ ಜೇಬಿನ ಫೋನು ಕೂಗಿತು. ಪ್ರಾಚಾರ್ಯರು. ದನಿ ದೊಡ್ಡದು, ಅಂಗಳದ ತನಕ ಕೇಳುವಂಥದ್ದು. “ಏನ್ ಸರ್, ಹೆಸರು ಸಿಕ್ಕತೇನ್ರಿ? ಕಳಸಾಕತ್ತೀನಿ ನೋಡ್ರಿ ಯಾದಿ.”

“ಇಲ್ರಿ. ಯಾರೂ ಇಲ್ಲ.”

“ಒಬ್ರೂ?”

“ಒಬ್ರೂ ಇಲ್ರಿ.”

ಫೋನು ಇಟ್ಟೆ. ಅಜ್ಜಿ ಇನ್ನಷ್ಟು ಒಣದ್ರಾಕ್ಷಿ ಕಟ್ಟಿಕೊಡಲು ಒಳಗೆ ಹೋದರು. ತ್ರಿಶಲಾ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ತುಂಬಿ ಬಂತು. ಅಳುವ ಹುಡುಗಿಯ ಮುಂದೆ ಏನು ಹೇಳಬೇಕೆಂದು ನನಗೆ ಎಂದೂ ತಿಳಿದಿಲ್ಲ. ನನಗೆ ಬರುವುದು ಒಂದೇ ಕೆಲಸ, ಅದನ್ನೇ ಮಾಡಲು ಹೋದೆ.

“ಇರಲಿ ಬಿಡವಾ. ಅದಿರಲಿ, ನಾ ಕೊಟ್ಟ ನಾಟಕ ಎಲ್ಲಿತನಕಾ ಓದಿದ್ದಿ?”

“ನಾಕನೇ ಅಂಕ ಮುಗದಿತ್ರಿ. ಮರುದಿನ ಮುಂಜಾನೆ ನೇಮಾ ತಗೊಂಡೆ.”

“ಅಂದ್ರ ಆಕಿ ಬಟ್ಟಲಾ ಹಿಡಕೊಂಡು ನಿಂತಾಳ. ಮಾವ ಕಣ್ಣ ತಗದು ನೋಡತಾನ. ಆವಾಗ ಆಕಿ—”

“ಸರ್, ಬ್ಯಾಡ್ರಿ!” ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಕೈ ಮುಗೀತೀನ್ರಿ, ಹೇಳಬ್ಯಾಡ್ರಿ. ಕೇಳಿದ್ರೂ ನೇಮಾ ಮುರದಂಗ ಆಗತೈತಿ. ಆ ದಿನದಿಂದ ನನಗ ಅದ ವಿಚಾರ ಐತ್ರಿ. ಉಣ್ಣಾಕ ಕೂತರೂ ಅದ, ಮಲಗಿದ್ರೂ ಅದ. ಆಕಿ ಏನ್ ಮಾಡ್ತಾಳ ಅಂತ.”

ಚಹಾ ಆರಿ ಕೆನೆ ಕಟ್ಟಿತ್ತು, ಅದನ್ನೇ ಕುಡಿದೆ. ಬದುಕಿಡೀ ಪಾಠ ಮಾಡಿದ್ದೇನೆ. ಮುಂದೇನಾಯಿತು ಎಂದು ತಿಳಿಯಲು ಅಷ್ಟು ಹಸಿದವರನ್ನು ನಾನು ಕಂಡದ್ದು ಅದೇ ಮೊದಲು.